ತೊಟ್ಟಿಗೆ ಬಿದ್ದ ಎದೆಯ ಫಿಲ್ಮು

ಶೆಡ್ಡಿನ ಹಿಂದಿನ ಕೋಣೆ
ಹದಿನೆಂಟನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಂಡಾ,

ಹೇಗಿದ್ದೀಯೋ? ಹೋದ ವಾರಕ್ಕಿಂತ ಉಸಿರು ಸ್ವಲ್ಪವಾದರೂ ಸಲೀಸಾಗಿದೆಯೇ? ಬೆನ್ನು ಹಾಸಿಗೆಗೆ ತಾಗಿಸಿ ಮಲಗಲು ಆಗುತ್ತಿದೆಯೋ, ಇಲ್ಲ ಇನ್ನೂ ಮೂರು ದಿಂಬು ಒಟ್ಟಿಕೊಂಡು ಕೂತೇ ಬೆಳಗು ಮಾಡುತ್ತಿದ್ದೀಯೋ? ಮೂಗಿನ ಕೊಳವೆ ಕಿವಿಯ ಹಿಂದೆ ಉಜ್ಜಿ ಉಜ್ಜಿ ಹುಣ್ಣಾಗಿದೆ ಎಂದು ನೀನು ಬರೆದಿದ್ದೆ. ಅಲ್ಲಿಗೆ ಒಂದು ಚೂರು ಹತ್ತಿ ಇಟ್ಟುಕೋ, ದಾದಿಯನ್ನು ಕೇಳಿದರೆ ಕೊಡುತ್ತಾಳೆ. ಬಾಯಿಬಿಟ್ಟು ಕೇಳುವುದೆಂದರೆ ನಿನಗೆ ತಲೆ ಕಡಿದಷ್ಟು ಸಂಕಟ ಎಂದು ನನಗೆ ಗೊತ್ತು, ಆದರೂ ಕೇಳು. ಊಟ ಬಿಡಬೇಡ. ಪಕ್ಕದ ಹಾಸಿಗೆಯ ದರ್ಜಿ ಇಡೀ ದಿನ ತನ್ನ ಮೂವರು ಸೊಸೆಯಂದಿರ ಪುರಾಣ ಹೇಳಿ ತಲೆ ತಿನ್ನುತ್ತಾನೆ ಎಂದು ಬರೆದಿದ್ದೆಯಲ್ಲ, ಹೇಳಲಿ ಬಿಡು. ಮಾತಾಡಲು ಉಸಿರಿರುವವರು ಮಾತಾಡಲಿ, ನೀನು ಹೂಂಗುಟ್ಟಿದರೆ ಸಾಕು. ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ವಾಡಿಕೆಯನ್ನು ನಾನೇಕೆ ಮುರಿಯಲಿ, ಬರೆದಿದ್ದೇನೆ.

ಬುಧವಾರ ನೀನು ವಾರ್ಡಿನ ಫೋನಿನಿಂದ ಮಾತಾಡಿದಾಗ ನಾನೊಂದು ಸುಳ್ಳು ಹೇಳಿದೆ. ಅದಕ್ಕಾಗಿಯೇ ಈ ಪತ್ರ. ಫೋನಿನಲ್ಲಿ ನಿಜ ಹೇಳಬಹುದಿತ್ತು, ಆದರೆ ನೀನು “ಅತ್ಗೇ, ಕಳಿಸಿದ್ಯಾ?” ಎಂದು ಎರಡು ಪದ ಹೇಳಲು ಎರಡು ಸಲ ಕೆಮ್ಮಿದೆ. ಆ ಕೆಮ್ಮು ಕೇಳಿದ ಮೇಲೆ ನನ್ನ ಬಾಯಿಂದ “ನಿನ್ನೇನೇ ಕಳಿಸಿದ್ದೀನಿ ಕಣೋ” ಎಂಬುದು ತಾನಾಗಿ ಹೊರಬಿತ್ತು. ಕಳಿಸಿಲ್ಲ ಮೊಂಡಾ. ಕಳಿಸಲು ಅದು ಇಲ್ಲ. ನಿನ್ನ ಎದೆಯ ಹಳೆಯ ಎಕ್ಸ್‌ರೇ ಫಿಲ್ಮನ್ನು ನಾನು ಶೆಡ್ಡಿನ ತೊಟ್ಟಿಗೆ ಹಾಕಿ ತೊಳೆದುಬಿಟ್ಟೆ. ಬೇರೆ ಯಾರೂ ಅಲ್ಲ, ನಾನೇ, ಈ ಎರಡು ಹಾಳು ಕೈಗಳಿಂದ. ಈ ಒಂದು ಸಾಲು ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ಈಗ ಬರೆದಾಯಿತು, ಇನ್ನು ಮಿಕ್ಕಿದ್ದನ್ನು ಒಂದೊಂದಾಗಿ ಹೇಳುತ್ತೇನೆ. ಸಿಟ್ಟು ಬಂದರೆ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿ ನೋಡು. ಎದ್ದು ಓಡಾಡಲು ಹೋಗಬೇಡ.

ನಿನ್ನ ಪತ್ರ ನನಗೆ ಸಿಕ್ಕಿದ್ದು ಸೋಮವಾರ ಸಂಜೆ. ಅದನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಜಾಗದಲ್ಲಿ ಹರಿದೇ ಹೋಗಿದೆ. ಇಪ್ಪತ್ತಾರನೇ ತಾರೀಖು ವೈದ್ಯರ ಮಂಡಳಿ ಕೂರುತ್ತದೆ. ನಿನ್ನ ಕಾಯಿಲೆ ಕೆಲಸದಿಂದ ಬಂದದ್ದು ಎಂದು ಅವರು ಬರೆದರೆ ನೀನು ಆ ವಾರ್ಡಿನಲ್ಲಿ ಉಳಿಯುತ್ತೀಯ, ಗಾಳಿಯ ಯಂತ್ರ ನಿನ್ನ ಬಳಿಯೇ ಇರುತ್ತದೆ. ಅಲ್ಲ ಎಂದರೆ ತಿಂಗಳ ಕೊನೆಗೆ ಹಾಸಿಗೆ ಬಿಡಬೇಕು. ಹಾಸಿಗೆ ಬಿಟ್ಟರೆ ಬರುವುದೆಲ್ಲಿಗೆ? ಈ ಕೋಣೆಗೆ. ಗೋಡೆಯ ಆಚೆ ಫಿಲ್ಮು ತೊಳೆಯುವ ಕಾಸ್ಟಿಕ್ ತೊಟ್ಟಿ ಕುದಿಯುತ್ತಿರುತ್ತದೆ, ಅದರ ಹಬೆ ನಮ್ಮ ಕಿಟಕಿಯಲ್ಲೇ ನುಗ್ಗುತ್ತದೆ, ಇಲ್ಲಿ ನೀನು ಒಂದು ವಾರ ತಡೆಯಲಾರೆ. ಶೆಡ್ಡಿನವರ ವಕೀಲ ಮಂಡಳಿಗೆ ಬರೆದುಕೊಟ್ಟದ್ದನ್ನೂ ನೀನು ನಕಲು ಮಾಡಿ ಕಳಿಸಿದ್ದೀಯ. ‘ಇವರ ಅಣ್ಣನೂ ಕೆಮ್ಮಿಯೇ ತೀರಿಕೊಂಡರು, ಈಗ ಇವರೂ ಕೆಮ್ಮುತ್ತಿದ್ದಾರೆ, ಇದು ವಂಶದ ದೌರ್ಬಲ್ಯ, ಶೆಡ್ಡಿಗೆ ಬರುವಾಗಲೇ ಎದೆ ಕೆಟ್ಟಿತ್ತು.’ ಎಷ್ಟು ಸಲೀಸಾಗಿ ಬರೆದಿದ್ದಾನೆ ನೋಡು! ಒಂದೇ ಕುಲುಮೆಯ ಮುಂದೆ ಅಣ್ಣ ತಮ್ಮ ಇಬ್ಬರೂ ಕೂತು, ಅಂಟಿದ ಬೆಳ್ಳಿಗಾಗಿ ಒಡೆದ ಮೂಸೆ, ಸುಟ್ಟ ಇಟ್ಟಿಗೆ ಪುಡಿ ಮಾಡಿದರು ಎಂಬುದು ಅವನ ಕಾಗದದಲ್ಲಿ ಎಲ್ಲೂ ಇಲ್ಲ. ಅದಕ್ಕೇ ಆ ಹಳೆಯ ಫಿಲ್ಮು ಬೇಕಿತ್ತು. ಶೆಡ್ಡಿಗೆ ಕಾಲಿಡುವ ಮೊದಲು ನಿನ್ನ ಎದೆ ಹೇಗಿತ್ತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ.

ಆ ಫಿಲ್ಮು ತೆಗೆಸಿದ ದಿನ ನನಗೆ ನಿನ್ನೆ ಮೊನ್ನೆಯಂತಿದೆ. ನಿನಗಾಗ ಇಪ್ಪತ್ತು. ಬಸ್ ಡಿಪೋದಲ್ಲಿ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿ, ನಿನ್ನ ಅಣ್ಣನ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋಗಿದ್ದೆ. ಎದೆ ಪರೀಕ್ಷೆಯಲ್ಲಿ ಪಾಸು, ಕಿವಿ ಪಾಸು, ಕಣ್ಣಿನಲ್ಲಿ ಫೇಲು. ಕೆಂಪು ಯಾವುದು ಹಸಿರು ಯಾವುದು ನಿನಗೆ ತಿಳಿಯುವುದಿಲ್ಲ ಎಂದು ಅವತ್ತಿನವರೆಗೆ ನಮಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ವಾಪಸು ಬಂದವನು ಆ ದೊಡ್ಡ ಕಂದು ಲಕೋಟೆಯನ್ನು ನನ್ನ ಮುಂದೆ ಬಿಸಾಕಿ “ಎದೆ ಮಾತ್ರ ಗಟ್ಟಿ ಇದ್ಯಂತೆ, ಇಟ್ಕೊಳ್ಳಿ” ಎಂದೆ. ಒಂಬತ್ತು ವರ್ಷದವನಾಗಿದ್ದಾಗಿನಿಂದ ನಿನ್ನನ್ನು ಸಾಕಿದವಳು ನಾನು, ನಿನ್ನ ಮುಖ ಅಷ್ಟು ಬಾಡಿದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಮಾಧಾನಕ್ಕೆ “ಹೋಗ್ಲಿ ಬಿಡೋ, ಅಣ್ಣನ ಜೊತೆ ಶೆಡ್ಡಿಗೆ ಬಾ, ಅಲ್ಲಿ ಕೆಂಪು ಹಸಿರು ಯಾರೂ ಕೇಳಲ್ಲ, ಎಲ್ಲಾ ಕಪ್ಪು ಬಿಳುಪೇ” ಎಂದದ್ದೂ ನಾನೇ. ಆ ಮಾತಿಗೆ ನೀನು ನಕ್ಕಿದ್ದೆ. ಲಕೋಟೆಯನ್ನು ಹತ್ತೊಂಬತ್ತು ವರ್ಷ ನನ್ನ ಟ್ರಂಕಿನ ತಳದಲ್ಲಿ, ಮದುವೆಯ ಬಟ್ಟೆಯ ಕೆಳಗೆ ಇಟ್ಟಿದ್ದೆ. ಗೆದ್ದಲು ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಮುಟ್ಟಿದ್ದು ನಾನು.

ನಿನಗೆ ಶೆಡ್ಡಿನ ಕೆಲಸ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ನೀನು ಯಾವಾಗಲೂ ಕುಲುಮೆಯ ಕಡೆಯವನು, ತೊಳೆಯುವವರ ಮೇಜಿನ ಕಡೆ ಬಂದು ನಿಂತವನಲ್ಲ. ಅದಕ್ಕೇ ಹೇಳುತ್ತೇನೆ, ಆಗಲಾದರೂ ಇವಳಿಗೆ ಬುದ್ಧಿ ಹೇಗೆ ಹೋಯಿತು ಎಂದು ನಿನಗೆ ಅರ್ಥವಾಗಬಹುದು. ಆಸ್ಪತ್ರೆಗಳಿಂದ ಹಳೆಯ ಫಿಲ್ಮಿನ ಮೂಟೆ ಬಂದ ಕೂಡಲೇ ನಾವು ಎರಡು ರಾಶಿ ಮಾಡುತ್ತೇವೆ, ಕರಿ ರಾಶಿ ಮತ್ತು ಬಿಳಿ ರಾಶಿ. ಫಿಲ್ಮಿನಲ್ಲಿ ಕಪ್ಪಗೆ ಕಾಣುವುದೇ ನಾವು ತೊಳೆದು ತೆಗೆಯುವ ಬೆಳ್ಳಿ, ಬಿಳಿ ಇದ್ದಲ್ಲಿ ಏನೂ ಇಲ್ಲ. ಒಳ್ಳೆಯ ಎದೆಯ ಫಿಲ್ಮು ಗಾಳಿ ತುಂಬಿಕೊಂಡು ಕಪ್ಪಗೆ ಮಿರಿಮಿರಿ ಅನ್ನುತ್ತದೆ, ಅದು ಕರಿ ರಾಶಿಗೆ. ಕೆಟ್ಟ ಎದೆ ಬೂದಿ ಎರಚಿದ ಹಾಗೆ ಬೆಳ್ಳಗಿರುತ್ತದೆ, ಬೆಳ್ಳಿ ಕಡಿಮೆ, ಅದು ಎರಡನೇ ರಾಶಿಗೆ. ಮೇಜಿನ ಮುಂದೆ ಇಪ್ಪತ್ತನಾಲ್ಕು ವರ್ಷ ನಿಂತು ನನಗೆ ಬಂದ ವೈದ್ಯಶಾಸ್ತ್ರ ಇಷ್ಟೇ, ಯಾರದೇ ಎದೆಯನ್ನು ಬೆಳಕಿಗೆ ಎತ್ತಿದ ಕೂಡಲೇ ಯಾವ ರಾಶಿಗೆ ಎಂದು ಕೈಗೆ ಗೊತ್ತಾಗುತ್ತದೆ. ಆಮೇಲೆ ಹೆಸರಿನ ಮೂಲೆ ಕತ್ತರಿಸುವುದು. ರೋಗಿಯ ಹೆಸರು, ವಯಸ್ಸು, ತಾರೀಖು ಇರುವ ಮೂಲೆಯನ್ನು ಕತ್ತರಿಯಿಂದ ತೆಗೆದು ಡಬ್ಬಿಗೆ ಹಾಕಬೇಕು, ಓದಬಾರದು. ಆಸ್ಪತ್ರೆಯವರ ಷರತ್ತು ಅದು, ನಮಗೂ ಅದೇ ಒಳ್ಳೆಯದು. ಹೊಸದಾಗಿ ಬಂದ ಹೆಂಗಸರಿಗೆ ನಾನು ಮೊದಲು ಕಲಿಸುವುದೇ ಅದನ್ನು. “ಹೆಸರು ಓದ್ಬೇಡಿ ಕಣ್ರೇ, ಓದಿದ್ರೆ ರಾತ್ರಿ ಊಟ ಸೇರಲ್ಲ” ಎನ್ನುತ್ತೇನೆ. ಊಟ ಸೇರಲಿ ಎಂದು ಕಲಿತ ಬುದ್ಧಿಯೇ ನನಗೆ ಉರುಳಾಯಿತು.

ಮಂಗಳವಾರ ಬೆಳಿಗ್ಗೆ ನಿನ್ನ ಲಕೋಟೆಯನ್ನು ನೇರ ಅಂಚೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನಗೊಂದು ಆಸೆ ಹುಟ್ಟಿತು. ಅದನ್ನು ಆಸೆ ಅನ್ನಲೋ, ಜಂಬ ಅನ್ನಲೋ. ಮಂಡಳಿಯ ವೈದ್ಯರು ನೋಡುವ ಮೊದಲು ನಮ್ಮ ಕನ್ನಡಕದ ತಾತನಿಗೆ ಒಮ್ಮೆ ತೋರಿಸಬೇಕು ಅನ್ನಿಸಿತು. ಮೇಸ್ತ್ರಿ ತಾತ ಎಷ್ಟು ಲಕ್ಷ ಎದೆ ನೋಡಿದ್ದಾನೋ, ಅವನು ‘ಚೊಕ್ಕ’ ಎಂದರೆ ಯಾವ ದೊಡ್ಡ ಡಾಕ್ಟರೂ ಅಲ್ಲ ಎನ್ನಲಾರ ಎಂಬುದು ನನ್ನ ನಂಬಿಕೆ. ಕೆಲಸ ಶುರುವಾಗಿ ಅರ್ಧ ಗಂಟೆಯಾಗಿರಬೇಕು, ಲಕೋಟೆಯಿಂದ ತೆಗೆದು ಅವನ ಕೈಗಿತ್ತೆ. ಬಾಗಿಲ ಬೆಳಕಿಗೆ ಎತ್ತಿ ಹಿಡಿದು ನೋಡಿದ. “ಮೊದಲ ದರ್ಜೆ ಕಣಮ್ಮ. ಒಂದು ಚುಕ್ಕೆ ಇಲ್ಲ. ಯಾವ ಪುಣ್ಯಾತ್ಮಂದು ಇದು?” ಎಂದ. ನಿನ್ನದು ಎಂದೆ. ತಾತ ಕನ್ನಡಕ ತೆಗೆದು ಒರೆಸಿಕೊಂಡು, ಫಿಲ್ಮನ್ನು ಮೇಜಿನ ತುದಿಯಲ್ಲಿಟ್ಟ. ನಾನು ಲಕೋಟೆ ಎತ್ತಿಕೊಳ್ಳುವಷ್ಟರಲ್ಲಿ ಉಸ್ತುವಾರಿಯವನು ಬಂದ. ತೊಟ್ಟಿ ಕಾದು ಕುದಿಯುತ್ತಿದೆ, ಇಲ್ಲಿ ಏನು ಹರಟೆ ಎಂದು ಅವನ ಎಂದಿನ ಆರ್ಭಟ. ಲಕೋಟೆಯನ್ನು ಮೇಜಿನ ಕೆಳಗೆ ತಳ್ಳಿ ನಾನು ಕತ್ತರಿ ಹಿಡಿದೆ. ಆಮೇಲೆ ಏನಾಯಿತೆಂದು ಪ್ರಮಾಣ ಮಾಡಿ ಹೇಳು ಎಂದರೆ ನನಗೆ ನೆನಪೇ ಇಲ್ಲ. ತಲೆಯಲ್ಲಿ ನೀನಿದ್ದೆ, ಮಂಡಳಿ ಇತ್ತು, ಅಂಚೆಗೆ ಎಷ್ಟು ದಿನ ಬೇಕು ಎಂಬ ಲೆಕ್ಕ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎತ್ತು, ಕತ್ತರಿಸು, ಕರಿ ರಾಶಿಗೆ. ಎತ್ತು, ಕತ್ತರಿಸು, ಬಿಳಿ ರಾಶಿಗೆ. ನಿನ್ನದು ಕೆಟ್ಟ ಫಿಲ್ಮಾಗಿದ್ದರೆ ಕೈ ಒಂದು ಕ್ಷಣ ಅನುಮಾನಿಸುತ್ತಿತ್ತೇನೋ. ಅಷ್ಟು ಚೊಕ್ಕ ಕರಿ ಎದೆಗೆ ಅನುಮಾನಿಸುವುದೇನಿದೆ?

ಊಟದ ಹೊತ್ತಿಗೆ ಲಕೋಟೆ ತೆಗೆದರೆ ಖಾಲಿ. ಮೊದಲು ತಾತನ ಮೇಲೆ ಹರಿಹಾಯ್ದೆ, ಪಾಪ. ಆಮೇಲೆ ಮೇಜಿನ ಕೆಳಗೆ, ಮೂಟೆಗಳ ಹಿಂದೆ, ಬಿಳಿ ರಾಶಿಯೊಳಗೆಲ್ಲ ಹುಡುಕಿದೆ. ಕರಿ ರಾಶಿ ಅಷ್ಟು ಹೊತ್ತಿಗೆ ತೊಟ್ಟಿಯಲ್ಲಿ ಮಿಂದು, ಎರಡು ನೀರು ಕಂಡು, ತಂತಿಯ ಮೇಲೆ ನೇತಾಡುತ್ತಿತ್ತು. ನಾನೂರಕ್ಕೂ ಹೆಚ್ಚು ಹಾಳೆ. ಒಂದೊಂದನ್ನೂ ಬೆಳಕಿಗೆ ಹಿಡಿದೆ. ಎಲ್ಲವೂ ತಿಳಿನೀಲಿ, ಎಲ್ಲವೂ ಬರಿದು, ಒಂದರಲ್ಲೂ ಒಂದು ಪಕ್ಕೆಲುಬಿಲ್ಲ. ಮೂಲೆ ಕತ್ತರಿಸಿದ್ದನ್ನು ಗುರುತು ಹಿಡಿಯೋಣವೆಂದರೆ ಎಲ್ಲದರ ಮೂಲೆಯನ್ನೂ ನಾನೇ ಕತ್ತರಿಸಿದ್ದೇನಲ್ಲ! ಕೊನೆಗೆ ಮೂಲೆ ಡಬ್ಬಿಯನ್ನು ನೆಲದ ಮೇಲೆ ಸುರಿದುಕೊಂಡು ಕೂತೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹೆಸರುಗಳನ್ನು ಓದಿದೆ. ಯಾರ್ಯಾರದೋ ಹೆಸರು, ಎಂಬತ್ತು ವರ್ಷ, ಆರು ವರ್ಷ, ಮೂವತ್ತು ವರ್ಷ. ನಡುವೆ ನಿನ್ನದು ಸಿಕ್ಕಿತು. ನಿನ್ನ ಹೆಸರು, ಎದುರಿಗೆ ಇಪ್ಪತ್ತು, ಕೆಳಗೆ ತಾರೀಖು, ಎಲ್ಲವೂ ಸ್ಪಷ್ಟವಾಗಿದೆ. ಹೆಬ್ಬೆರಳಿನಷ್ಟು ಅಗಲದ ತುಂಡು. ಅದನ್ನು ಈ ಹಾಳೆಗೇ ಗುಂಡುಸೂಜಿಯಿಂದ ಸಿಕ್ಕಿಸಿದ್ದೇನೆ. ನಿನ್ನ ಎದೆ ಈಗ ತೊಟ್ಟಿಯ ತಳದ ಬೂದು ರಾಡಿಯಲ್ಲಿದೆ, ಶನಿವಾರ ಅದನ್ನು ಸೋಸಿ ಒಣಗಿಸಿದರು. ಹೊಸ ಕುಲುಮೆಯವನು ಕರಗಿಸಿದರೆ ನಿನ್ನ ಪಾಲಿನದು ನಾಲ್ಕು ಸಾಸಿವೆ ಕಾಳಿನಷ್ಟು ಬೆಳ್ಳಿ ಬರಬಹುದು. ಹಾಳೆಗಳು ಅಂಗಿಯ ಕಾಲರಿಗೆ ಒಳಪಟ್ಟಿ ಮಾಡುವವರ ಕಡೆಗೆ ಹೋದವು. ಅವರಿಗೆ ಎಲ್ಲವೂ ಉಪಯೋಗಕ್ಕೆ ಬಂತು, ಒಂದು ಚೂರೂ ದಂಡವಾಗಲಿಲ್ಲ.

ಗುರುವಾರ ರಜೆ ಕೇಳಿ ಬಸ್ ಡಿಪೋದ ದವಾಖಾನೆಗೆ ಹೋಗಿದ್ದೆ. ಆಗ ಎರಡು ಪ್ರತಿ ತೆಗೆಯುತ್ತಿದ್ದರು, ಒಂದು ನಿನಗೆ, ಒಂದು ಅವರಿಗೆ ಎಂದು ನೀನೇ ಹೇಳಿದ್ದ ನೆನಪು. ದಾರಿಯುದ್ದಕ್ಕೂ ಅದನ್ನೇ ನೆನೆದು ನೆನೆದು, ಸಿಕ್ಕೇ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಹೋದೆ. ಅಲ್ಲಿ ಉದ್ದನೆಯ ಕಾರಿಡಾರು, ಕೊನೆಯಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಗುಮಾಸ್ತ. ಮನುಷ್ಯ ಒಳ್ಳೆಯವನೇ. ರಿಜಿಸ್ಟರು ತೆಗೆದು ನಿನ್ನ ಹೆಸರನ್ನೂ ತೋರಿಸಿದ. ಮುಂದೆ ‘ಕಣ್ಣು: ಅನರ್ಹ’ ಎಂದಷ್ಟೇ ಇತ್ತು, ಎದೆಯ ಮಾತೇ ಇಲ್ಲ. ಫಿಲ್ಮು ಎಂದೆ. “ಹತ್ತು ವರ್ಷದ ಮೇಲಿನದ್ದೆಲ್ಲ ಇಟ್ಕೊಳ್ಳಕ್ಕೆ ಜಾಗ ಇಲ್ಲಮ್ಮ, ಕೊಟ್ಬಿಡ್ತೀವಿ” ಎಂದ. ಯಾರಿಗೆ ಎಂದು ಕೇಳಿದೆ. “ತೊಳೆಯೋರಿಗೆ” ಎಂದ. ಮೊಂಡಾ, ನನಗೆ ನಗು ಬಂತು. ಕಿಟಕಿಯ ಸರಳು ಹಿಡಿದುಕೊಂಡು ಹುಚ್ಚಿಯಂತೆ ನಕ್ಕೆ, ಆ ಗುಮಾಸ್ತ ಗಾಬರಿಯಾಗಿ ನೀರು ತರಿಸಿದ. ಎಷ್ಟೋ ವರ್ಷದ ಹಿಂದೆ ಆ ಇನ್ನೊಂದು ಪ್ರತಿಯೂ ನನ್ನ ಮೇಜಿಗೇ ಬಂದಿರುತ್ತದೆ. ಅದನ್ನೂ ಕತ್ತರಿಸಿ ಕರಿ ರಾಶಿಗೆ ಹಾಕಿರುತ್ತೇನೆ. ಹೆಸರು ಓದಿರುವುದಿಲ್ಲ.

ಆಮೇಲೆ ನಾನು ಯೋಚಿಸಿದ ಕಳ್ಳ ಉಪಾಯವನ್ನೂ ಹೇಳಿಬಿಡುತ್ತೇನೆ, ನಿನ್ನಿಂದ ಮುಚ್ಚಿಟ್ಟು ಏನಾಗಬೇಕು? ಶುಕ್ರವಾರ, ಶನಿವಾರ ಎರಡು ದಿನ ಹೊಸ ಮೂಟೆಗಳಲ್ಲಿ ನಿನ್ನ ಪ್ರಾಯದ ಒಂದು ಗಂಡಸಿನ ಚೊಕ್ಕ ಎದೆ ಹುಡುಕಿದೆ. ಎದೆಗೇನು ಬರ, ಮೂಟೆಗಟ್ಟಲೆ ಇವೆ. ಮೂಲೆ ಕತ್ತರಿಸಿ ನಿನ್ನ ಮೂಲೆಯನ್ನು ಅಂಟಿಸಿ, ಟ್ರಂಕಿನಲ್ಲಿ ಹರಿದುಹೋಗಿತ್ತು ಎಂದು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಒಂದನ್ನು ಆರಿಸಿಯೂ ಇಟ್ಟೆ. ಅಗಲ ಭುಜ, ನಿನ್ನ ಹಾಗೇ ಉದ್ದ ಕತ್ತು. ತಾತನಿಗೆ ತೋರಿಸಿದೆ, ಇನ್ನೂ ಬುದ್ಧಿ ಬಂದಿಲ್ಲ ಎಂದುಕೊಳ್ಳುತ್ತೀಯೇನೋ. ತಾತ ಬಹಳ ಹೊತ್ತು ನೋಡಿ, “ಎಲ್ಲಾ ಸರಿ ತಾಯಿ. ನಿನ್ನ ಮೈದುನನ ಎಡಗಡೆ ಕೊರಳ ಮೂಳೆ ಮುರಿದು ಕೂಡ್ಕೊಂಡಿತ್ತು, ಗಂಟು ಕಾಣ್ತಿತ್ತು. ಆ ಗಂಟು ಎಲ್ಲಿಂದ ತರ್ತೀಯ?” ಎಂದ. ಮಂಗಳವಾರ ಅರ್ಧ ನಿಮಿಷ ನೋಡಿದ್ದು, ಅಷ್ಟರಲ್ಲೇ ಮುದುಕ ಅದನ್ನು ಕಂಡಿದ್ದ. ಹನ್ನೊಂದು ವರ್ಷದವನಿದ್ದಾಗ ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದು ಮುರಿದುಕೊಂಡ ಮೂಳೆ ಅದು. ನೀನು ಅಳದೆ ಹಲ್ಲು ಕಚ್ಚಿ ಕೂತಿದ್ದಕ್ಕೇ ನಾನು ನಿನಗೆ ಮೊಂಡ ಎಂದು ಹೆಸರಿಟ್ಟದ್ದು. ನಿನ್ನ ಹೊಸ ಫಿಲ್ಮಿನಲ್ಲಿ ಆ ಗಂಟು ಇದ್ದೇ ಇರುತ್ತದೆ. ಹಳೆಯದರಲ್ಲಿ ಇಲ್ಲದಿದ್ದರೆ ಮಂಡಳಿಯವರು ಸುಳ್ಳು ಹಿಡಿಯುತ್ತಾರೆ, ಆಗ ನಿನ್ನ ನಿಜವನ್ನೂ ಯಾರೂ ನಂಬುವುದಿಲ್ಲ. ಆ ಅಪರಿಚಿತನ ಎದೆಯನ್ನು ಮತ್ತೆ ರಾಶಿಗೆ ಹಾಕಿದೆ. ಮಂಗಳವಾರ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಡು ಎಂದು ತಾತನನ್ನೂ ಬೇಡಿಕೊಂಡೆ. ಅವನು ಹಾಳೆಯನ್ನು ನನ್ನ ಕಡೆಗೇ ಸರಿಸಿದ. ಅವನಿಗೂ ಈ ಶೆಡ್ಡೇ ಗತಿ, ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬರೆದುಕೊಟ್ಟರೂ ಮೇಸ್ತ್ರಿಯ ಮಾತಿಗೆ ಆ ವೈದ್ಯರು ಎಷ್ಟು ಬೆಲೆ ಕೊಡುತ್ತಿದ್ದರೋ ಕಾಣೆ.

ಮೊಂಡಾ, ನನಗೆ ಎಲ್ಲಾ ದಾರಿಯೂ ಮುಚ್ಚಿದ ಹಾಗೆ ಕಾಣುತ್ತಿದೆ. ನಿನ್ನ ಅಣ್ಣ ಹೋದಾಗಲೂ ನಾನು ಇಷ್ಟು ಸೋತಿರಲಿಲ್ಲ. ಅವರ ಪಾಲಿಗೆ ಮಾಡಬಹುದಾದದ್ದೆಲ್ಲ ಮಾಡಿದ್ದೆ, ಕೊನೆಯ ರಾತ್ರಿ ಬೆನ್ನು ನೀವುತ್ತಾ ಕೂತಿದ್ದೆ, ಆಗ ಕೈ ಶುದ್ಧವಾಗಿತ್ತು. ಈಗ ನಿನ್ನ ಉಸಿರಿನ ದಾರಿಗೆ ನಾನೇ ಕಲ್ಲು ಹಾಕಿದೆ. ತಪ್ಪು ಯಾರದು ಎಂದು ಕೇಳಿದರೆ ಹೊಸ ಹೆಂಗಸರು ಕುಲುಮೆಯತ್ತ ಕೈ ತೋರಿಸುತ್ತಾರೆ, ಅಕ್ಕಾ ನಿಮ್ಮದಲ್ಲ ಎನ್ನುತ್ತಾರೆ. ಅವರ ಸಮಾಧಾನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಿನ್ನನ್ನು ಶೆಡ್ಡಿಗೆ ಕರೆದವಳು ನಾನು, ಅಲ್ಲಿಂದ ನಿನ್ನನ್ನು ಬಿಡಿಸಬಹುದಾಗಿದ್ದ ಹಾಳೆಯನ್ನು ತೊಳೆದವಳೂ ನಾನು. ಮದುವೆಯಾಗಿ ಬಂದ ಮೊದಲ ಆರು ವರ್ಷ ಕುಲುಮೆಯ ಪಕ್ಕ ಕೂತು ನಿನ್ನ ಅಣ್ಣ ಪುಡಿ ಮಾಡಿದ್ದನ್ನು ಜರಡಿ ಹಿಡಿಯುತ್ತಿದ್ದೆನಲ್ಲ, ಶಾಲೆ ಬಿಟ್ಟು ಬಂದ ನೀನು ನನ್ನ ಬಿಳಿ ಹುಬ್ಬು ನೋಡಿ “ಅತ್ಗೆ ಮುದುಕಿ ಆದ್ರು” ಎಂದು ಕುಣಿಯುತ್ತಿದ್ದೆ. ಆ ಬಿಳಿ ಪುಡಿ ಹುಬ್ಬಿನಲ್ಲೇ ನಿಲ್ಲುತ್ತದೆ ಎಂದುಕೊಂಡಿದ್ದೆವು, ನೀರು ಹಾಕಿಕೊಂಡರೆ ಹೋಗುತ್ತದೆ ಎಂದುಕೊಂಡಿದ್ದೆವು. ಎಂಥ ದಡ್ಡರು ನಾವು! ಈ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳಲು ಪತ್ರ ಬರೆಯಲು ಕೂತೆ, ಆದರೆ ಕೇಳಲು ನನಗೆ ಯೋಗ್ಯತೆ ಇದೆ ಅನ್ನಿಸುತ್ತಿಲ್ಲ. ನೀನು ಕ್ಷಮಿಸದಿದ್ದರೂ ಸರಿ, ಊಟ ಮಾತ್ರ ಬಿಡಬೇಡ. ನನ್ನ ಮೇಲಿನ ಸಿಟ್ಟಿಗೆ ಮಾತ್ರೆ ನುಂಗದೆ ಕೂರುವ ಮೊಂಡುತನ ಮಾಡಬೇಡ.

ಮಂಡಳಿಯ ಮುಂದೆ ಕೂತಾಗ ಆದದ್ದನ್ನು ಆದ ಹಾಗೇ ಹೇಳು. ಫಿಲ್ಮು ಇತ್ತು, ನಮ್ಮ ಅತ್ತಿಗೆ ತೊಳೆದುಬಿಟ್ಟಳು, ಇಗೋ ಅದರ ಮೂಲೆ ಎಂದು ತೋರಿಸು. ನಗುತ್ತಾರೋ ಏನೋ, ನಗಲಿ. ಮೆಲ್ಲಗೆ ಮಾತಾಡು, ಒಂದು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೋ, ಅವರಿಗೆ ಅವಸರವಿದ್ದರೆ ಅವರೇ ಕಾಯಲಿ. ಪಕ್ಕದ ದರ್ಜಿಗೆ, ಅವನ ಮೂವರು ಸೊಸೆಯಂದಿರಿಗೂ ನನ್ನ ನಮಸ್ಕಾರ ಹೇಳು. ದಾದಿಗೆ ನನ್ನ ಲೆಕ್ಕದಲ್ಲಿ ಒಂದು ಒಳ್ಳೆಯ ಮಾತು ಹೇಳು. ನಿನಗೆ ಏನೆಂದು ಹರಸಲಿ? ನೂರು ವರ್ಷ ಬಾಳು ಎನ್ನುವ ಧೈರ್ಯ ನನಗಿಲ್ಲ. ಇವತ್ತಿನ ಉಸಿರು ನಿನ್ನೆಯದಕ್ಕಿಂತ ಹಗುರಾಗಿರಲಿ, ನಾಳೆಯದು ಇವತ್ತಿಗಿಂತ ಹಗುರಾಗಿರಲಿ, ನನಗೆ ಅಷ್ಟೇ ಸಾಕು.

ನಿನ್ನನ್ನು ಹೆರದೆ ಬೆಳೆಸಿದ,
ಅತ್ತಿಗೆ

ಮರೆತದ್ದು: ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಹಿಂದೆ ಸಾಲು ಬೆಳೆಯುತ್ತಿದೆ. ಮರೆತದ್ದು ಎಂದೆ, ಅದೂ ಸುಳ್ಳು. ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಪತ್ರದ ಜೊತೆ ಎರಡು ರಟ್ಟಿನ ನಡುವೆ ಒಂದು ಫಿಲ್ಮು ಇಟ್ಟಿದ್ದೇನೆ. ಅದು ನನ್ನದು. ಗುರುವಾರ ಡಿಪೋದ ದವಾಖಾನೆಯಲ್ಲಿ ನನ್ನ ನಗು ಕೆಮ್ಮಿಗೆ ತಿರುಗಿ ನಿಲ್ಲಲೇ ಇಲ್ಲ. ಆ ಗುಮಾಸ್ತನೇ ಕೈಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ತೆಗೆಸಿದ. ಒಂದು ವರ್ಷದಿಂದ ಇದೆ, ನಿನಗೆ ಕೇಳಿಸದ ಹಾಗೆ ಕೆಮ್ಮುತ್ತಿದ್ದೆ. ಇದನ್ನು ಶೆಡ್ಡಿಗೆ ಒಯ್ಯಲಿಲ್ಲ, ತಾತನಿಗೂ ತೋರಿಸಲಿಲ್ಲ. ಕೋಣೆಯ ಕಿಟಕಿಗೆ ಹಿಡಿದು ನಾನೇ ನೋಡಿದೆ, ಬಿಳಿ ರಾಶಿಯದೇ, ನನಗೆ ಡಾಕ್ಟರು ಬೇಕಾಗಲಿಲ್ಲ. ಮಂಡಳಿಯವರು ವಂಶ ಎಂದ ಕೂಡಲೇ ಇದನ್ನು ಮುಂದಿಡು. ಹೀಗೆ ಹೇಳು: ಇವಳು ನಮ್ಮ ಅತ್ತಿಗೆ, ಇಪ್ಪತ್ತೊಂದು ವರ್ಷಕ್ಕೆ ಬೇರೆ ಮನೆಯಿಂದ ಬಂದವಳು, ನಮ್ಮ ವಂಶದ ಒಂದು ಹನಿ ರಕ್ತವೂ ಇವಳಲ್ಲಿಲ್ಲ, ಆರು ವರ್ಷ ಅದೇ ಪುಡಿಗೆ ಜರಡಿ ಹಿಡಿದಳು. ಅವರಿಗೆ ಇದು ಗೊತ್ತಾದರೆ ಶೆಡ್ಡಿನವರಿಗೂ ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ, ಕೋಣೆಯೂ ಹೋಗುತ್ತದೆ, ಅದನ್ನೆಲ್ಲ ಯೋಚಿಸಿಯೇ ಕಳಿಸುತ್ತಿದ್ದೇನೆ, ನೀನು ಬೇಡ ಎನ್ನಬೇಡ. ಕಿಟಕಿಯವನು ಕೈ ಚಾಚಿದ್ದಾನೆ. ನೀನು ಮಾತ್ರ ಅದನ್ನು ಬೆಳಕಿಗೆ ಹಿಡಿದು ನೋಡಬೇಡ, ನೇರ ಅವರ ಕೈಗೆ ಕೊಡು.